ಕಾಡಾನೆ ಯಾಕೆ ಊರಿಗೆ ಬರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಾನೆ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಸುತ್ತದೆ. ಬೆಂಗಳೂರಿನವರು 'ಪಾಪ, ಆನೆ' ಅನ್ನುತ್ತಾರೆ. ಸಕಲೇಶಪುರ, ಸಿದ್ದಾಪುರ, ಹನೂರು ಕಡೆಯವರು 'ಪಾಪ, ನಾವು' ಅನ್ನುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಕರ್ನಾಟಕದಲ್ಲಿ ಕಾಡಾನೆಗಳು ಎಷ್ಟಿವೆ?

ಸುಮಾರು ಆರು ಸಾವಿರ. ದೇಶದಲ್ಲೇ ಹೆಚ್ಚು ಆನೆ ಇರುವ ರಾಜ್ಯ ನಮ್ಮದು. 2017ರ ಗಣತಿಯಲ್ಲಿ 6,049 ಇತ್ತು. 2023ರಲ್ಲಿ ರಾಜ್ಯದ ಅರಣ್ಯ ಇಲಾಖೆಯ ಅಂದಾಜು 6,395. 2025ರ ಅಕ್ಟೋಬರ್‌ನಲ್ಲಿ ಹೊರಬಂದ ರಾಷ್ಟ್ರಮಟ್ಟದ ವರದಿಯಲ್ಲಿ 6,013. ಅದೇ ವರದಿಯ ಪ್ರಕಾರ ಇಡೀ ದೇಶದಲ್ಲಿ 22,446.

ಅಂದರೆ ಎರಡೇ ವರ್ಷದಲ್ಲಿ ಆನೆ ಕಮ್ಮಿ ಆದವಾ?

ಹಾಗೆ ಹೇಳಲು ಬರುವುದಿಲ್ಲ. ಎಣಿಸುವ ರೀತಿ ಬೇರೆ. 2023ರಲ್ಲಿ ಸಿಬ್ಬಂದಿ ಕಾಡನ್ನು ಭಾಗ ಭಾಗ ಮಾಡಿಕೊಂಡು ನಡೆದು, ಕಂಡ ಆನೆಯನ್ನು, ಲದ್ದಿಯನ್ನು, ಕೆರೆಗೆ ಬಂದ ಹಿಂಡನ್ನು ಲೆಕ್ಕ ಹಾಕಿದರು. 2025ರ ವರದಿಗೆ ಆಧಾರ ಲದ್ದಿಯಲ್ಲಿ ಸಿಗುವ ಡಿಎನ್‌ಎ. ದೇಶದಾದ್ಯಂತ 21 ಸಾವಿರಕ್ಕೂ ಹೆಚ್ಚು ಲದ್ದಿ ಮಾದರಿ ತಂದು, ಇದು ಯಾವ ಆನೆ, ಇದೇ ಆನೆ ಇನ್ನೊಂದು ಕಡೆಯೂ ಹೋಗಿತ್ತಾ ಅಂತ ನೋಡಿದರು. ಆದ್ದರಿಂದ ಹಳೆ ಲೆಕ್ಕದ ಪಕ್ಕ ಹೊಸ ಲೆಕ್ಕ ಇಟ್ಟು ಕೂಡಿ ಕಳೆಯುವ ಹಾಗಿಲ್ಲ. ಇನ್ನೊಂದು ಮಾತು: 6,395 ಅನ್ನೋದೂ ಒಂದೊಂದಾಗಿ ಎಣಿಸಿದ ಸಂಖ್ಯೆ ಅಲ್ಲ. 5,914ರಿಂದ 6,877ರ ನಡುವೆ ಎಲ್ಲೋ ಇದೆ ಅನ್ನುವ ಅಂದಾಜಿನ ಮಧ್ಯದ ಅಂಕಿ. ಪತ್ರಿಕೆಯಲ್ಲಿ ಮಧ್ಯದ ಅಂಕಿ ಮಾತ್ರ ಬರುತ್ತದೆ, ಅಷ್ಟೇ.

ಎಲ್ಲೆಲ್ಲಿ ಇವೆ?

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮ, ಬನ್ನೇರುಘಟ್ಟ ಒಂದು ಕಡೆ. ಕೊಡಗು, ಹಾಸನ, ಚಿಕ್ಕಮಗಳೂರು, ಭದ್ರಾ ಇನ್ನೊಂದು ಕಡೆ. ಉತ್ತರಕ್ಕೆ ದಾಂಡೇಲಿ ಭಾಗದಲ್ಲಿ ಸ್ವಲ್ಪ. ಬಂಡೀಪುರ ಒಂದರಲ್ಲೇ 2023ರ ಲೆಕ್ಕಕ್ಕೆ ಸಾವಿರದ ಮೇಲೆ ಇದ್ದವು.

ನಕ್ಷೆಯಲ್ಲಿ ನಾವು ಬಂಡೀಪುರ, ಮುದುಮಲೈ, ವಯನಾಡು ಅಂತ ಮೂರು ಹೆಸರು ಬರೆಯುತ್ತೇವೆ. ಆನೆಗೆ ಅದೆಲ್ಲ ಒಂದೇ ಕಾಡು. ಬ್ರಹ್ಮಗಿರಿಯಿಂದ ನೀಲಗಿರಿ ದಾಟಿ ಪೂರ್ವ ಘಟ್ಟದವರೆಗೆ ಹಬ್ಬಿರುವ ಈ ಕಾಡಿನಲ್ಲಿ ಇರುವಷ್ಟು ಏಷ್ಯಾದ ಆನೆಗಳು ಜಗತ್ತಿನಲ್ಲಿ ಬೇರೆಲ್ಲೂ ಒಟ್ಟಿಗೆ ಇಲ್ಲ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹಸಿರು ಹುಲ್ಲು ಚಿಗುರಿದಾಗ, ಮೂರು ರಾಜ್ಯದ ಹಿಂಡುಗಳೂ ಅಲ್ಲಿ ಸೇರುತ್ತವೆ. ಏಪ್ರಿಲ್‌ನಲ್ಲಿ ಅಲ್ಲಿ ನಿಂತು ನೋಡಿದರೆ, ಒಂದೇ ಸಲಕ್ಕೆ ಕಣ್ಣಿಗೆ ಬೀಳುವ ಆನೆಗಳನ್ನು ಎಣಿಸಿ ಮುಗಿಸೋದು ಕಷ್ಟ.

ಕಾಡು ಇದ್ದರೂ ಆನೆ ಯಾಕೆ ಊರಿಗೆ, ತೋಟಕ್ಕೆ ಬರುತ್ತದೆ?

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಒಂದೇ ಕಾರಣ ಹೇಳುವವರನ್ನು ನಂಬಬೇಡಿ.

ಮೊದಲು ಹೊಟ್ಟೆಯ ಲೆಕ್ಕ. ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ, ನೂರು ಲೀಟರಿಗೂ ಮೇಲೆ ನೀರು ಕುಡಿಯುತ್ತದೆ. ದಿನದ ಹೆಚ್ಚಿನ ಹೊತ್ತು ತಿನ್ನುವುದೇ ಅದರ ಕೆಲಸ. ಕಾಡಿನ ಹುಲ್ಲು, ಬಿದಿರು, ತೊಗಟೆ ಅಂತ ಹುಡುಕಿ ಇಡೀ ರಾತ್ರಿ ಅಲೆಯುವ ಬದಲು, ಎರಡು ಗಂಟೆ ರಾಗಿ ಹೊಲದಲ್ಲಿ ನಿಂತರೆ ಹೊಟ್ಟೆ ತುಂಬುತ್ತದೆ. ತೆನೆ ಕಟ್ಟಿದ ರಾಗಿ, ಹಾಲು ತುಂಬಿದ ಭತ್ತ, ಬಾಳೆ, ಕಬ್ಬು, ಹಲಸು ಎಲ್ಲದರಲ್ಲೂ ಕಾಡಿನ ಮೇವಿಗಿಂತ ಸತ್ವ ಜಾಸ್ತಿ. ಹಾಗಾಗಿ ಕಾಡಲ್ಲಿ ಮೇವು ಇದ್ದರೂ ಬರುತ್ತದೆ. ಹಸಿವಿಗೆ ಮಾತ್ರ ಬರುತ್ತದೆ ಅನ್ನೋದು ಅರ್ಧ ಸತ್ಯ.

ಎರಡನೆಯದು, ಕಾಡು ಹೊರಗಿನಿಂದ ಹಸಿರಾಗಿ ಕಂಡರೂ ಒಳಗೆ ಮೇವು ಕಮ್ಮಿ ಆಗಿರುವುದು. ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಎರಡೂ ಬದಿ ಗುಲಾಬಿ ಹಳದಿ ಹೂವಿನ ಪೊದೆ ನೋಡಿರುತ್ತೀರಿ. ಅದೇ ಲಾಂಟಾನ. ತೋಟದ ಅಂದಕ್ಕೆ ಅಂತ ಹೊರದೇಶದಿಂದ ತಂದ ಗಿಡ. ಅದು ಆಳೆತ್ತರ ಬೆಳೆದು ಹೆಣೆದುಕೊಂಡರೆ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಹಳೆ ಕಾಲದಲ್ಲಿ ಮರಕ್ಕಾಗಿ ಬೆಳೆಸಿದ ತೇಗದ ನೆಡುತೋಪುಗಳೂ ನಾಗರಹೊಳೆಯಲ್ಲಿ ಬಹಳ ಜಾಗ ತಿಂದಿವೆ.

ಮೂರನೆಯದು ನೀರು ಮತ್ತು ಅಣೆಕಟ್ಟು. ಕಬಿನಿ, ಹೇಮಾವತಿ, ಭದ್ರಾ, ಸೂಪಾ ಎಲ್ಲವೂ ಕಣಿವೆಯ ಕಾಡನ್ನೇ ಮುಳುಗಿಸಿದವು. ಆನೆಗೆ ಬೇಕಾದ್ದು ಆ ಕಣಿವೆಗಳೇ. ಬೆಟ್ಟದ ಇಳಿಜಾರು ನಮಗೆ ಕಾಡಿನ ಹಾಗೆ ಕಂಡರೂ ಆನೆಗೆ ಅಷ್ಟಾಗಿ ಉಪಯೋಗವಿಲ್ಲ.

ನಾಲ್ಕನೆಯದನ್ನು ಜನ ಮರೆಯುತ್ತಾರೆ. ಕೊಡಗು, ಹಾಸನದ ಕೆಲವು ಆನೆಗಳು ಊರಿಗೆ 'ಬರುವುದೇ' ಇಲ್ಲ. ಅವು ಅಲ್ಲೇ ಇವೆ. ಕಾಫಿ ತೋಟದಲ್ಲಿ ಮರದ ನೆರಳಿದೆ, ಸ್ಪ್ರಿಂಕ್ಲರ್‌ಗೆ ಅಂತ ತೋಡಿದ ಕೆರೆ ಇದೆ, ಹಲಸಿನ ಮರ ಇದೆ, ಹಗಲು ಹೊತ್ತು ಮಲಗಲು ಸದ್ದಿಲ್ಲದ ಮೂಲೆ ಇದೆ. ತೋಟದಲ್ಲೇ ಹುಟ್ಟಿ ಬೆಳೆದ ಮರಿಗಳಿವೆ. ತೋಟದ ದಾರಿಯಲ್ಲಿ ಬಿದ್ದ ಲದ್ದಿಯನ್ನು ಕಾಲಿನಿಂದ ಬಿಡಿಸಿ ನೋಡಿ. ಹಲಸಿನ ಬೀಜದ ಜೊತೆ ಇಡಿಯಾದ ಕಾಫಿ ಬೀಜಗಳೂ ಸಿಗುತ್ತವೆ. ಮಳೆ ಬಿದ್ದ ಮೇಲೆ ಅದೇ ಲದ್ದಿಯಿಂದ ಕಾಫಿ ಸಸಿ ಏಳುತ್ತದೆ. ಅಂಥ ಆನೆಗೆ ತೋಟವೇ ಮನೆ. ಅದನ್ನು 'ಕಾಡಿಗೆ ಅಟ್ಟಿ' ಅಂದರೆ ಎಲ್ಲಿಗೆ ಅಟ್ಟುವುದು?

ಆನೆ ಸಂಖ್ಯೆ ಮಿತಿ ಮೀರಿದೆ, ಅದಕ್ಕೇ ಈ ತೊಂದರೆ ಅನ್ನುತ್ತಾರಲ್ಲ?

ಸಂಖ್ಯೆ ಒಂದು ಕಾರಣ ಇರಬಹುದು. ಆದರೆ ಆನೆ ಬೇಗ ಬೇಗ ಹೆಚ್ಚುವ ಪ್ರಾಣಿ ಅಲ್ಲ. ಹೊಟ್ಟೆಯಲ್ಲಿ ಮರಿ ಇರುವುದೇ 18ರಿಂದ 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷ ಅಂತರ. ಹತ್ತು ವರ್ಷದಲ್ಲಿ ತೊಂದರೆ ಎರಡು ಪಟ್ಟಾಗಿದೆ ಅಂತ ಅನ್ನಿಸಿದರೆ, ಆನೆ ಎರಡು ಪಟ್ಟಾಗಿದೆ ಅಂತ ಅರ್ಥ ಅಲ್ಲ. ಅವು ಇರುವ ಜಾಗ ಬದಲಾಗಿದೆ. ಕೆಲವು ಸಲಗಗಳಂತೂ ಹೊಲ ಇರುವ ಕಡೆಯೇ ಗುಂಪು ಕಟ್ಟಿಕೊಂಡು ಓಡಾಡುತ್ತವೆ. ಬನ್ನೇರುಘಟ್ಟ, ರಾಮನಗರ, ತುಮಕೂರು ಕಡೆ ಹೀಗೆ ಗಂಡಾನೆಗಳದ್ದೇ ಗುಂಪು ಕಾಣುತ್ತದೆ. ಹರೆಯದ ಗಂಡುಗಳು ಹಿರಿಯ ಗಂಡಿನ ಹಿಂದೆ ನಡೆದು ರಾಗಿ ಹೊಲದ ದಾರಿ ಕಲಿಯುತ್ತವೆ.

ಕಾಡಿನೊಳಗೆ ಹಲಸು, ಬಿದಿರು ನೆಟ್ಟರೆ ಸಾಲದಾ?

ಭಾಷಣಕ್ಕೆ ಚೆನ್ನಾಗಿದೆ. ನೆಟ್ಟ ಹಲಸು ಕಾಯಿ ಬಿಡಲು ವರ್ಷಗಳು ಬೇಕು, ಅದಕ್ಕೂ ಮೊದಲು ಜಿಂಕೆ, ಆನೆಗಳೇ ಸಸಿ ಮುಗಿಸಿರುತ್ತವೆ. ಬಿದಿರು ಬೇಕೇ ಬೇಕು, ಆದರೆ ಹೂ ಬಿಟ್ಟ ಮೇಲೆ ಇಡೀ ಮೆಳೆ ಸತ್ತು ಮತ್ತೆ ಏಳುವ ತನಕ ಕಾಯಬೇಕು. ಅದಕ್ಕಿಂತ ಲಾಂಟಾನ ಬೇರು ಸಮೇತ ಕಿತ್ತು, ಮತ್ತೆ ಮೊಳೆತದ್ದನ್ನು ಮುಂದಿನ ಎರಡು ಮೂರು ವರ್ಷ ಬಿಡದೆ ಕಿತ್ತು, ಹುಲ್ಲು ಬರಲು ಬಿಡುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೇಲಿಂದ ಕತ್ತರಿಸಿ ಹೋದರೆ ಮುಂದಿನ ಮಳೆಗೆ ಇನ್ನೂ ದಟ್ಟವಾಗಿ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಾಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಮೇಜು ಮಾಡುತ್ತಾರೆ. ಆನೆ ಗಾತ್ರದ ಆನೆ ಬೊಂಬೆಯನ್ನೂ ಲಾಂಟಾನದಲ್ಲಿ ಕಟ್ಟಿದ್ದಾರೆ. ಒಳ್ಳೆ ಕೆಲಸ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಸಣ್ಣ ಪ್ರಮಾಣದಲ್ಲಿ ಆ ಗಿಡ ಇಲ್ಲ.

ಆನೆ ಕಾರಿಡಾರ್ ಅಂದರೇನು? ಕಾಡು ಬೇರೆ, ಕಾರಿಡಾರ್ ಬೇರೆನಾ?

ಎರಡು ದೊಡ್ಡ ಕಾಡುಗಳ ನಡುವೆ ಉಳಿದಿರುವ ಕಿರಿದಾದ ದಾರಿ. ನಮ್ಮಲ್ಲಿ ಆನೆದಾರಿ ಅಂತ ಹೇಳುತ್ತಿದ್ದದ್ದು ಇದನ್ನೇ. ಕೇಂದ್ರ ಸರ್ಕಾರದ 2023ರ ವರದಿ ದೇಶದಲ್ಲಿ 150 ಇಂಥ ದಾರಿ ಗುರುತಿಸಿದೆ.

ಬಂಡೀಪುರದ ಅಂಚಿನಲ್ಲಿ ಕಣಿಯನಪುರ ಅಂತ ಒಂದಿದೆ. ಒಂದು ಬದಿ ಮೋಯಾರ್ ನದಿಯ ಕಡಿದಾದ ಕಮರಿ, ಇನ್ನೊಂದು ಬದಿ ಊರು, ಹೊಲ, ರೆಸಾರ್ಟ್. ನಡುವೆ ಉಳಿದ ಪಟ್ಟಿಯಲ್ಲೇ ಹಿಂಡು ಹಾದು ಹೋಗಬೇಕು. ಅಲ್ಲಿ ಒಂದು ಎಕರೆಗೆ ಬೇಲಿ ಬಿದ್ದರೆ ಬೇರೆ ಕಡೆ ನೂರು ಎಕರೆ ಹೋದಷ್ಟೇ ನಷ್ಟ. ಪಕ್ಕದ ತಮಿಳುನಾಡಿನ ಸೀಗೂರಿನಲ್ಲಿ ಕಾರಿಡಾರ್ ಒಳಗೆ ಎದ್ದ ರೆಸಾರ್ಟ್‌ಗಳ ವ್ಯಾಜ್ಯ ವರ್ಷಗಟ್ಟಲೆ ನಡೆದು, 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾರಿಡಾರ್ ಪರವಾಗಿ ತೀರ್ಪು ಕೊಟ್ಟಿತು.

ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ದಾರಿಯ ಕಥೆ ಬೇರೆ. ಬಿಳಿಗಿರಿರಂಗನ ಬೆಟ್ಟದಿಂದ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಆನೆಗಳು ರೈತರ ಜಮೀನು ದಾಟಬೇಕಿತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆಯನ್ನು ರೈತರಿಂದ ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. 25 ಎಕರೆ ಅಂದರೆ ಒಂದು ಮಧ್ಯಮ ಕಾಫಿ ತೋಟ. ಅಷ್ಟರಿಂದ ಎರಡು ದೊಡ್ಡ ಕಾಡು ಸೇರಿಕೊಂಡವು. ಯಾರನ್ನೂ ಬಲವಂತದಿಂದ ಎಬ್ಬಿಸಲಿಲ್ಲ, ಯಾವ ಆನೆಯನ್ನೂ ಹಿಡಿಯಲಿಲ್ಲ. ನನ್ನನ್ನು ಕೇಳಿದರೆ ಆನೆ ಹೆಸರಲ್ಲಿ ಖರ್ಚು ಮಾಡುವ ದುಡ್ಡಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಇದರಲ್ಲಿ ಉದ್ಘಾಟನೆ ಮಾಡಲು ಏನೂ ಸಿಗುವುದಿಲ್ಲ ನೋಡಿ.

ಬಂಡೀಪುರದಲ್ಲಿ ರಾತ್ರಿ ಗಾಡಿ ಬಿಡದಿರುವುದು ಆನೆಗಾಗಿಯಾ?

ಆನೆ ಸೇರಿ ಎಲ್ಲ ಪ್ರಾಣಿಗಳಿಗಾಗಿ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿತು. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್‌ಗೆ, ಲೆಕ್ಕದ ಕೆಲವು ಬಸ್ಸಿಗೆ ಬಿಡುತ್ತಾರೆ. ಕೇರಳದ ಕಡೆ ಹೋಗುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಬೇರೆ ದಾರಿ ಇದೆ. ಸ್ವಲ್ಪ ಸುತ್ತು, ನಿಜ.

ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ: ಯಾವುದು ನಿಜವಾಗಿ ಕೆಲಸ ಮಾಡುತ್ತದೆ?

ನೋಡಿಕೊಳ್ಳುವವರು ಇದ್ದರೆ ಮೂರೂ. ಇಲ್ಲದಿದ್ದರೆ ಯಾವುದೂ ಇಲ್ಲ.

ಕಂದಕ ತೋಡಿದ ಮೊದಲ ವರ್ಷ ಚೆನ್ನಾಗಿರುತ್ತದೆ. ಮಲೆನಾಡಿನ ಮಳೆಗೆ ಅಂಚು ಕುಸಿಯುತ್ತದೆ. ಹಳ್ಳ ದಾಟುವ ಕಡೆ, ಬಂಡೆ ಸಿಕ್ಕ ಕಡೆ ತೋಡಲು ಆಗುವುದಿಲ್ಲ, ಅಲ್ಲೊಂದು ಸಂದು ಉಳಿಯುತ್ತದೆ. ಉಳಿದ ಕಡೆ ಆನೆ ಮುಂಗಾಲಿನಿಂದ ಅಂಚಿನ ಮಣ್ಣು ಒಳಗೆ ತಳ್ಳಿ ಇಳಿಜಾರು ಮಾಡಿಕೊಳ್ಳುತ್ತದೆ. ಸೌದೆಗೆ, ದನಕ್ಕೆ ಅಂತ ನಾವೇ ಕೆಲವು ಕಡೆ ಮುಚ್ಚುತ್ತೇವೆ. ಅದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ.

ಸೋಲಾರ್ ಬೇಲಿ ಬ್ಯಾಟರಿಯಿಂದ ಬಿಟ್ಟು ಬಿಟ್ಟು ಝಟಕಾ ಕೊಡುತ್ತದೆ. ನೋವಾಗುತ್ತದೆ, ಸಾಯುವುದಿಲ್ಲ. ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲ ಅಂತ ಸಲಗಗಳು ಬಹಳ ಬೇಗ ಕಲಿಯುತ್ತವೆ. ದಂತದಿಂದ ತಂತಿ ಎತ್ತಿ ಕೀಳುತ್ತವೆ. ಮರ ಉರುಳಿಸಿ ತಂತಿ ಮೇಲೆ ಹಾಕಿ, ಅದರ ಮೇಲೆ ದಾಟುತ್ತವೆ. ಅದಕ್ಕೇ ಈಗ ತಂತಿಗಳನ್ನು ಮೇಲಿಂದ ಇಳಿಬಿಡುವ ತೂಗು ಬೇಲಿ ಬಂದಿದೆ. ಕಂಬ ದೂರ ಇರುತ್ತದೆ, ತಂತಿ ಮೈಗೇ ತಾಗುತ್ತದೆ. ಆದರೆ ಒಂದು ಬಳ್ಳಿ ಹಬ್ಬಿ ನೆಲಕ್ಕೆ ಮುಟ್ಟಿದರೆ ಝಟಕಾ ಸತ್ತಿತು. ವಾರಕ್ಕೊಮ್ಮೆ ಕತ್ತಿ ಹಿಡಿದು ಬೇಲಿಯುದ್ದಕ್ಕೂ ನಡೆಯುವವನು ಬೇಕು. ಬೇಲಿ ಹಾಕಲು ದುಡ್ಡು ಬರುತ್ತದೆ, ಆ ಮನುಷ್ಯನ ಸಂಬಳಕ್ಕೆ ಬರುವುದಿಲ್ಲ. ಊರವರೇ ಸರದಿ ಹಾಕಿಕೊಂಡು ನೋಡಿಕೊಂಡ ಕಡೆ ಬೇಲಿ ನಿಂತಿದೆ.

ಹಳೆ ರೈಲ್ವೆ ಕಂಬಿಯ ಬೇಲಿ ಗಟ್ಟಿ, ಆದರೆ ದುಬಾರಿ. ಕಿಲೋಮೀಟರಿಗೆ ಕೋಟಿ ದಾಟುತ್ತದೆ. ನಾಗರಹೊಳೆ ಅಂಚಿನಲ್ಲಿ ಬಹಳ ಉಪಯೋಗ ಆಗಿದೆ. ಅಲ್ಲೇ 2018ರಲ್ಲಿ ಒಂದು ಗಂಡಾನೆ ಕಂಬಿ ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು. ಇನ್ನೂ ಒಂದು ವಿಷಯ: ಒಂದು ಊರಿಗೆ ಕಂಬಿ ಬಿದ್ದರೆ ಆನೆ ಕಂಬಿ ಮುಗಿಯುವ ಕಡೆಗೆ ಹೋಗುತ್ತದೆ. ಪಕ್ಕದೂರಿನವರ ಪಾಲಿಗೆ ಅದು ಬೇಲಿ ಅಲ್ಲ, ಆಮಂತ್ರಣ.

ಕೊಡಗಿನಲ್ಲಿ 2021ರಿಂದ ಜೇನುಪೆಟ್ಟಿಗೆ ಸಾಲಿನ ಪ್ರಯೋಗವೂ ನಡೆದಿದೆ. ಜೇನ್ನೊಣದ ಸದ್ದಿಗೆ ಆನೆ ಹಿಂಜರಿಯುತ್ತದೆ. ಸಣ್ಣ ಜಮೀನಿಗೆ ಸರಿ, ಪೆಟ್ಟಿಗೆಯಲ್ಲಿ ಜೇನು ಇದ್ದರೆ.

ನಮ್ಮ ಜಮೀನು, ನಾವು ತಂತಿಗೆ ಕರೆಂಟ್ ಕೊಟ್ಟರೆ ಏನು ತಪ್ಪು?

ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಅಪರಾಧ. ಆನೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಸತ್ತರೆ ಜೈಲು. ಕಾನೂನು ಹಾಗಿರಲಿ, ಆ ತಂತಿಗೆ ಮೊದಲು ಸಿಗುವುದು ಎಷ್ಟೋ ಸಲ ನೀರು ತಿರುಗಿಸಲು ಹೋದ ಮನೆಯವರೇ. ದೇಶದಲ್ಲಿ ಆನೆಗಳ ಅಸಹಜ ಸಾವಿಗೆ ಅತಿ ದೊಡ್ಡ ಕಾರಣ ವಿದ್ಯುತ್. ಎಲ್ಲವೂ ರೈತರ ತಪ್ಪಲ್ಲ. ಕಾಡಂಚಿನಲ್ಲಿ ಜೋತುಬಿದ್ದ ಲೈನಿಗೆ ಸೊಂಡಿಲು ತಾಗಿ ಸತ್ತವೂ ಇವೆ. ದಸರಾ ಆನೆ ಅಶ್ವತ್ಥಾಮ 2024ರ ಜೂನ್‌ನಲ್ಲಿ ನಾಗರಹೊಳೆಯಲ್ಲಿ ಸತ್ತಿದ್ದೂ ವಿದ್ಯುತ್ ತಗುಲಿಯೇ. ನಿಮ್ಮ ಕಡೆ ಲೈನ್ ಜೋತಿದ್ದರೆ ಫೋಟೋ ಸಮೇತ ವಿದ್ಯುತ್ ಕಂಪನಿಗೂ ಅರಣ್ಯ ಇಲಾಖೆಗೂ ಬರೆದುಕೊಡಿ, ಸ್ವೀಕೃತಿ ತಗೊಳ್ಳಿ.

ತೊಂದರೆ ಕೊಡುವ ಆನೆಯನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಮುಗೀತಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಜನ ಸತ್ತ ಊರಿನಲ್ಲಿ ನಿಂತು 'ಹಿಡಿಯಬೇಡಿ' ಅನ್ನುವುದು ಸುಲಭ ಅಲ್ಲ, ನಾನೂ ಅನ್ನುವುದಿಲ್ಲ. ಮನುಷ್ಯರನ್ನು ಮತ್ತೆ ಮತ್ತೆ ಕೊಲ್ಲುವ ಆನೆ ಯಾವುದು ಅಂತ ಖಚಿತವಾಗಿ ಗೊತ್ತಾದರೆ ಹಿಡಿಯಲೇಬೇಕು. ಆದರೆ ಹಿಡಿಯುವುದೇ ಪರಿಹಾರ ಅಂದುಕೊಂಡರೆ ಏನಾಗುತ್ತದೆ ಅಂತ ಹಾಸನ ತೋರಿಸಿದೆ.

ಹೈಕೋರ್ಟ್ ನೇಮಿಸಿದ, ಆನೆ ತಜ್ಞ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ರಾಜ್ಯವನ್ನು ಮೂರು ವಲಯ ಮಾಡಿ: ಆನೆಗೇ ಮೀಸಲಾದದ್ದು, ಆನೆ ಮತ್ತು ಮನುಷ್ಯ ಇಬ್ಬರೂ ಇರುವಂಥದ್ದು, ಆನೆಯನ್ನು ತೆಗೆಯಬೇಕಾದದ್ದು ಅಂತ ಹೇಳಿತು. ಆಲೂರು ಭಾಗ ತೆಗೆಯಬೇಕಾದ ಪಟ್ಟಿಯಲ್ಲಿತ್ತು. ಅಲ್ಲಿಂದ 22 ಆನೆ ಹಿಡಿದರು. ಸ್ವಲ್ಪ ದಿನ ನೆಮ್ಮದಿ. ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಬಾಳೆ ಹಾಗೇ ಇತ್ತು, ಭತ್ತ ಹಾಗೇ ಇತ್ತು, ಹಿನ್ನೀರು ಹಾಗೇ ಇತ್ತು. ಆನೆ ಮಾತ್ರ ಬದಲಾಯಿತು.

ಬೇರೆ ಕಾಡಿಗೆ ಬಿಟ್ಟರೆ? ಶ್ರೀಲಂಕಾದಲ್ಲಿ ಹೀಗೆ ಬಿಟ್ಟ 12 ಗಂಡಾನೆಗಳಿಗೆ ಕಾಲರ್, ಅಂದರೆ ಎಲ್ಲಿದೆ ಅಂತ ತಿಳಿಸುವ ಕೊರಳಪಟ್ಟಿ, ಹಾಕಿ ನೋಡಿದರು. ಕೆಲವು ಹಿಡಿದ ಜಾಗಕ್ಕೇ ನಡೆದು ವಾಪಸ್ ಬಂದವು. ಕೆಲವು ಅಲೆಯುತ್ತಾ ಹೋಗಿ ಹೊಸ ಊರುಗಳಲ್ಲಿ ತೊಂದರೆ ಶುರು ಮಾಡಿದವು. ನಮ್ಮಲ್ಲೇ ನೋಡಿ. ಹಾಸನದ ಬೇಲೂರು ಕಡೆ ಹಿಡಿದು, ಕಾಲರ್ ಹಾಕಿ ಬಿಟ್ಟಿದ್ದ ಮಕನಾ, ಅಂದರೆ ದಂತ ಇಲ್ಲದ ಗಂಡಾನೆ, 2024ರ ಫೆಬ್ರವರಿಯಲ್ಲಿ ವಯನಾಡಿನ ಮಾನಂದವಾಡಿ ಹತ್ತಿರ ಒಬ್ಬರನ್ನು ಕೊಂದಿತು. ಆ ಮನೆಯವರಿಗೆ ಆನೆ ಕರ್ನಾಟಕದ್ದೋ ಕೇರಳದ್ದೋ ಅನ್ನೋದು ಏನು ಮುಖ್ಯ? ಅದಾದ ಮುಂದಿನ ತಿಂಗಳೇ ಕರ್ನಾಟಕ, ಕೇರಳ, ತಮಿಳುನಾಡಿನ ಅರಣ್ಯ ಸಚಿವರು ಮತ್ತು ಅಧಿಕಾರಿಗಳು ಬಂಡೀಪುರದಲ್ಲಿ ಸೇರಿ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು.

ಹಿಡಿಯುವ ಕೆಲಸವೂ ಸುಮ್ನೆ ಅಲ್ಲ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ ಸಲಗ ಹಿಡಿಯುವ ಕಾರ್ಯಾಚರಣೆಯಲ್ಲೇ ಕಾದಾಡಿ ಸತ್ತ.

ರೇಡಿಯೋ ಕಾಲರ್ ಹಾಕಿದರೆ ಏನು ಪ್ರಯೋಜನ?

ಆನೆ ಎಲ್ಲಿದೆ ಅಂತ ಮೊದಲೇ ಗೊತ್ತಾಗುತ್ತದೆ. ಹಿಂಡಿನ ಹಿರಿಯ ಹೆಣ್ಣಿಗೆ ಕಾಲರ್ ಹಾಕಿದರೆ ಇಡೀ ಹಿಂಡಿನ ಸುಳಿವು ಸಿಗುತ್ತದೆ, ಯಾಕೆಂದರೆ ಅವಳು ಹೋದ ಕಡೆಯೇ ಉಳಿದವೆಲ್ಲ. ಹಾಸನದಲ್ಲಿ ಬೀಟಮ್ಮ, ಭುವನೇಶ್ವರಿ ಅಂತ ಹಿಂಡುಗಳಿಗೇ ಹೆಸರಿದೆ. ಭೀಮ, ಕ್ಯಾಪ್ಟನ್ ಅಂದರೆ ಅಲ್ಲಿನ ಮಕ್ಕಳಿಗೂ ಯಾವ ಸಲಗ ಅಂತ ಗೊತ್ತು.

ಜೀವ ಉಳಿಸುವುದು ಈ ಸುಳಿವೇ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಟೀ ತೋಟದ ಜನರಿಗೆ ಮೊಬೈಲ್ ಸಂದೇಶ ಕಳಿಸಲು ಶುರು ಮಾಡಿದರು. ತಿರುವುಗಳಲ್ಲಿ ಕೆಂಪು ದೀಪದ ಕಂಬ ನಿಲ್ಲಿಸಿದರು. ಆನೆ ಹತ್ತಿರ ಇದ್ದರೆ ಯಾರಾದರೂ ಫೋನ್ ಮಾಡಿ ದೀಪ ಹೊತ್ತಿಸುತ್ತಾರೆ. ಅಲ್ಲಿ ಸಾವು ಕಮ್ಮಿ ಆಯಿತು. ಅದೇ ಕ್ರಮ ಹಾಸನಕ್ಕೂ ಬಂತು. ಅಲ್ಲಿ ಆನೆಯಿಂದ ಜನ ಸಾಯುವುದು ಹೆಚ್ಚಾಗಿ ಹೊಲ ಕಾಯುವಾಗ ಅಲ್ಲ. ಬೆಳಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೋಗುವಾಗ, ಸಂಜೆ ಅಂಗಡಿಯಿಂದ ಬರುವಾಗ, ತಿರುವಿನಲ್ಲಿ ಎದುರಾಗಿ. ಲೈನ್ ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಿಂದ, ಹೊರಡುವ ಮುಂಚೆ 'ಐದನೇ ನಂಬರ್ ತೋಟದಲ್ಲಿ ಆನೆ ಇದೆ' ಅಂತ ಒಂದು ಸಾಲು ವಾಟ್ಸಾಪ್‌ನಲ್ಲಿ ಬಂದರೆ ಆ ದಿನ ಬೇರೆ ದಾರಿ ಹಿಡಿಯಬಹುದು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರಿಗೆ ಕನ್ನಡ ಓದಲು ಬರುವುದಿಲ್ಲ. ಧ್ವನಿ ಸಂದೇಶ ಹಿಂದಿಯಲ್ಲೂ ಬೇಕು. ತೋಟದ ಮಾಲೀಕರು ಇಷ್ಟಾದರೂ ಮಾಡಬಹುದು. ಮನೆಗೊಂದು ಶೌಚಾಲಯ, ದಾರಿಗೊಂದು ದೀಪ, ನಸುಕಿನ ಬದಲು ಬೆಳಕಾದ ಮೇಲೆ ಕೆಲಸ ಶುರು.

ಮದ ಬಂದ ಆನೆ ಅಂದರೆ ಹುಚ್ಚು ಹಿಡಿದ ಆನೆಯಾ?

ಅಲ್ಲ. ಬೆಳೆದ ಗಂಡಾನೆಗೆ ವರ್ಷಕ್ಕೊಮ್ಮೆ ಬರುವ ಸಹಜ ಸ್ಥಿತಿ. ಕಣ್ಣು ಕಿವಿಯ ನಡುವಿನ ಗ್ರಂಥಿಯಿಂದ ರಸ ಸೋರಿ ಕೆನ್ನೆ ಒದ್ದೆಯಾಗಿ ಕಾಣುತ್ತದೆ. ಕೆಲವು ವಾರದಿಂದ ಕೆಲವು ತಿಂಗಳ ತನಕ ಇರುತ್ತದೆ. ಹೆಣ್ಣು ಹುಡುಕಿಕೊಂಡು ಬಹಳ ದೂರ ನಡೆಯುತ್ತದೆ. ಸಿಟ್ಟು ಜಾಸ್ತಿ. ಕೆನ್ನೆ ಒದ್ದೆ ಇರುವ ಸಲಗ ಕಂಡರೆ ಇನ್ನಷ್ಟು ದೂರ ಇರಿ.

ದಂತಕ್ಕಾಗಿ ಬೇಟೆ ಈಗಲೂ ಇದೆಯಾ?

ವೀರಪ್ಪನ್ ಕಾಲದಷ್ಟು ಇಲ್ಲ. ಆಗ ಮಹದೇಶ್ವರ ಬೆಟ್ಟ, ಸತ್ಯಮಂಗಲ ಭಾಗದಲ್ಲಿ ದಂತ ಇರುವ ಗಂಡುಗಳೇ ಅಪರೂಪ ಆಗಿದ್ದವು. ಏಷ್ಯಾದ ಆನೆಯಲ್ಲಿ ದಂತ ಗಂಡಿಗೆ ಮಾತ್ರ. ಹಾಗಾಗಿ ಬೇಟೆಯಿಂದ ಗಂಡು ಹೆಣ್ಣಿನ ಸಮತೋಲನವೇ ಕೆಟ್ಟಿತ್ತು. ಈಗಲೂ ಆಗಾಗ ದಂತ ಸಾಗಿಸುವವರು ಸಿಕ್ಕಿಬೀಳುತ್ತಾರೆ. ದಂತದ ಬಳೆ, ಬೊಂಬೆ ಯಾರಾದರೂ ಮಾರಲು ತಂದರೆ, 'ಹಳೆ ಕಾಲದ್ದು' ಅಂದರೂ, ಮಾರುವುದೂ ಕೊಳ್ಳುವುದೂ ಅಪರಾಧ.

ದಸರಾ ಆನೆಗಳು ಕಾಡಾನೆಗಳಾ?

ಹೆಚ್ಚಿನವು ಒಂದು ಕಾಲದಲ್ಲಿ ಕಾಡಾನೆಗಳೇ. ಕಾಕನಕೋಟೆಯಲ್ಲಿ ನಡೆಯುತ್ತಿದ್ದ ಖೆಡ್ಡಾ, ಅಂದರೆ ಹಿಂಡನ್ನೇ ಅಟ್ಟಿ ತಂದು ಹಿಡಿಯುವುದು, 1971ಕ್ಕೆ ಕೊನೆಯಾಯಿತು. ಈಗ ದುಬಾರೆ, ಮತ್ತಿಗೋಡು, ಬಳ್ಳೆ, ಸಕ್ರೆಬೈಲು ಮುಂತಾದ ಶಿಬಿರಗಳಿಗೆ ಬರುವುದು ತೊಂದರೆ ಕೊಟ್ಟು ಸಿಕ್ಕ ಸಲಗಗಳು, ತಾಯಿ ಇಲ್ಲದ ಮರಿಗಳು. ಮರದ ದಿಮ್ಮಿಯ ಕ್ರಾಲ್‌ನಲ್ಲಿಟ್ಟು ಪಳಗಿಸುತ್ತಾರೆ. ಮಾವುತರಲ್ಲಿ, ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬರು ಬಹಳ. ಕಾಡಾನೆ ಹಿಡಿಯುವಾಗ ಮುಂದೆ ಹೋಗುವವರು ಇವರೇ. ಅಂಬಾರಿ ದಿನ ಇವರ ಫೋಟೋ ಬರುತ್ತದೆ. ಉಳಿದ ದಿನ ಇವರ ಮನೆಯ ಸೂರು, ಸಂಬಳದ ಬಗ್ಗೆ ಕೇಳುವವರು ಕಮ್ಮಿ.

ಬೆಳೆ ಹೋದರೆ, ಜನ ಸತ್ತರೆ ಪರಿಹಾರ ಎಷ್ಟು? ಹೇಗೆ ಪಡೆಯುವುದು?

ಜೀವ ಹೋದರೆ ಕೊಡುವ ಮೊತ್ತವನ್ನು 2022ರಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ದರ ಆಗಾಗ ಪರಿಷ್ಕರಣೆ ಆಗುತ್ತದೆ. ಇವತ್ತಿನ ದರ ಎಷ್ಟು ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಬೆಳೆ ನಷ್ಟಕ್ಕೆ: ಬೆಳಗ್ಗೆ ನೋಡಿದ ತಕ್ಷಣ ಏನನ್ನೂ ಸರಿಸಬೇಡಿ. ಹೆಜ್ಜೆ ಗುರುತು, ಲದ್ದಿ, ಮುರಿದ ಗಿಡ ಬರುವಂತೆ ಫೋಟೋ ತೆಗೆಯಿರಿ. ಬೀಟ್ ಗಾರ್ಡ್‌ಗೆ (ನಿಮ್ಮ ಭಾಗದ ಅರಣ್ಯ ರಕ್ಷಕನಿಗೆ) ಅದೇ ದಿನ ಹೇಳಿ. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಜೊತೆ ಅರ್ಜಿ ಕೊಡಿ, ಅರ್ಜಿ ನಂಬರ್ ಬರೆದಿಟ್ಟುಕೊಳ್ಳಿ.

ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಪಹಣಿಯಲ್ಲಿ. ಜಮೀನು ಇನ್ನೂ ತಾತನ ಹೆಸರಲ್ಲಿರುತ್ತದೆ, ಅಣ್ಣತಮ್ಮಂದಿರಲ್ಲಿ ಭಾಗ ಆಗಿರುವುದಿಲ್ಲ. ಗೇಣಿಗೆ ಮಾಡುವವನ ಹೆಸರು ಎಲ್ಲೂ ಇರುವುದಿಲ್ಲ. ಸಾಲ ಮಾಡಿ ಬಿತ್ತಿದವನು ಒಬ್ಬ, ಪರಿಹಾರದ ಹಕ್ಕು ಇನ್ನೊಬ್ಬನದು. ರಾತ್ರಿ ಇಡೀ ಅಟ್ಟಣೆ ಮೇಲೆ ನಿದ್ದೆಗೆಟ್ಟು ಕಾಯ್ದದ್ದಕ್ಕೆ, ಆನೆ ಭಯಕ್ಕೆ ಭತ್ತ ಬಿತ್ತುವುದನ್ನೇ ಬಿಟ್ಟದ್ದಕ್ಕೆ ಯಾವ ಫಾರಂನಲ್ಲೂ ಕಾಲಂ ಇಲ್ಲ. ಆನೆ ಉಳಿಯಬೇಕು ಅನ್ನುವ ಖರ್ಚನ್ನು ಈಗ ಕಾಡಂಚಿನ ರೈತನೇ ಕೊಡುತ್ತಿದ್ದಾನೆ. ಆನೆ ಪ್ರೀತಿಸುವವರು ಮೊದಲು ಕೇಳಬೇಕಾದ್ದು ಪರಿಹಾರ ಬೇಗ ಬರಲಿ ಅಂತ. ಮರಿ ಆನೆಯ ವಿಡಿಯೋ ಆಮೇಲೆ ನೋಡಬಹುದು.

ಆನೆ ಎದುರಿಗೆ ಬಂದರೆ ಏನು ಮಾಡಬೇಕು?

ಗಾಡಿಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಹೈ ಬೀಮ್ ಬೇಡ. ಹಿಂದೆ ಗಾಡಿ ಇಲ್ಲ ಅಂತ ನೋಡಿ ನಿಧಾನ ರಿವರ್ಸ್ ತಗೊಳ್ಳಿ. ಒಂದು ಆನೆ ರಸ್ತೆ ದಾಟಿತು ಅಂತ ನುಗ್ಗಬೇಡಿ, ಹಿಂದೆ ಮರಿ ಇರಬಹುದು. ತಾಯಿ ಮರಿ ನಡುವೆ ಮಾತ್ರ ಸಿಕ್ಕಿಕೊಳ್ಳಬಾರದು.

ನಡೆದು ಹೋಗುವಾಗ ಫೋನಿನಲ್ಲಿ ಮಾತು, ಇಯರ್‌ಫೋನ್ ಬೇಡ. ಮುರಿದ ಕೊಂಬೆ ಹಸಿಯಾಗಿದ್ದರೆ, ಲದ್ದಿ ಬಿಸಿ ಇದ್ದರೆ ಅಲ್ಲಿಂದಲೇ ತಿರುಗಿ. ನಾಯಿ ಕರೆದುಕೊಂಡು ಹೋಗಬೇಡಿ. ನಾಯಿ ಬೊಗಳಿ ಆನೆಯನ್ನು ಕೆಣಕುತ್ತದೆ, ಆಮೇಲೆ ಓಡಿ ನಿಮ್ಮ ಹತ್ತಿರವೇ ಬರುತ್ತದೆ, ಅದರ ಹಿಂದೆ ಆನೆ. ಓಟದಲ್ಲಿ ಆನೆಯನ್ನು ಸೋಲಿಸಲು ಆಗುವುದಿಲ್ಲ. ದೂರ ಇರುವುದೊಂದೇ ದಾರಿ.

ಸೆಲ್ಫಿ ಬಗ್ಗೆ ಹೇಳಲೇಬೇಕಾ? 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಗಾಡಿ ಇಳಿದು ಆನೆ ಹತ್ತಿರ ಹೋದವರೊಬ್ಬರು ತುಳಿತಕ್ಕೆ ಸಿಕ್ಕಿ ಹೇಗೋ ಬದುಕಿಕೊಂಡರು. ಮೇಲೆ 25 ಸಾವಿರ ದಂಡ.

ಪಟಾಕಿ ಹೊಡೆದು ಓಡಿಸಬಹುದಾ?

ನೀವೇ ಹೋಗಬೇಡಿ. ಹತ್ತು ಕಡೆಯಿಂದ ಹತ್ತು ಜನ ಪಟಾಕಿ ಹೊಡೆದರೆ ಆನೆಗೆ ದಾರಿ ತಪ್ಪುತ್ತದೆ, ಸಿಕ್ಕ ಕಡೆ ನುಗ್ಗುತ್ತದೆ. ಓಡಿಸುವಾಗ ಅದಕ್ಕೆ ಹೋಗಲು ಒಂದು ದಾರಿ ಬಿಟ್ಟಿರಬೇಕು. ಆನೆ ಓಡಿಸಲು ಅರಣ್ಯ ಇಲಾಖೆ ಇಟ್ಟಿರುವ ಆನೆ ಕಾರ್ಯಪಡೆಯವರಿಗೆ ಆ ದಾರಿ ಗೊತ್ತಿರುತ್ತದೆ. ವಿಡಿಯೋ ಮಾಡಲು ಬಂದ ಜನ ಅದೇ ದಾರಿಗೆ ಅಡ್ಡ ನಿಂತಿರುತ್ತಾರೆ, ಅದೇ ಅವರ ದೊಡ್ಡ ತಲೆನೋವು.

ಊರಲ್ಲಿ ಆನೆ ಬಂದರೆ ಯಾರಿಗೆ ಫೋನ್ ಮಾಡಬೇಕು?

ಅರಣ್ಯ ಸಹಾಯವಾಣಿ 1926. ಅದರ ಜೊತೆಗೆ ನಿಮ್ಮ ಬೀಟ್ ಗಾರ್ಡ್, ವಲಯ ಕಚೇರಿ, ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಕಡೆಯಾದರೆ ಆನೆ ಕಾರ್ಯಪಡೆಯ ನಂಬರ್ ಇವತ್ತೇ ಸೇವ್ ಮಾಡಿಟ್ಟುಕೊಳ್ಳಿ. ಫೋನ್ ಮಾಡಿದಾಗ ಊರು, ತೋಟದ ಹೆಸರು, ಎಷ್ಟು ಆನೆ, ಮರಿ ಇದೆಯಾ, ಯಾವ ಕಡೆ ಮುಖ ಮಾಡಿ ನಡೆಯುತ್ತಿವೆ, ಇಷ್ಟು ಹೇಳಿ. ಹೇಳಿದ ಮೇಲೆ ಪಕ್ಕದ ಲೈನ್ ಮನೆಗೂ, ಶಾಲೆಗೂ ಒಂದು ಕರೆ ಮಾಡಿ.